ತೂಕವಿಲ್ಲದ ಮನಸ್ಸು ಕೈ ಎತ್ತಿದ್ದು ಹೇಗೆ?

1643ರ ಮೇ ತಿಂಗಳು. ಹಾಲೆಂಡಿನ ಹೇಗ್ ಊರಿನಿಂದ 24 ವರ್ಷದ ರಾಜಕುಮಾರಿಯೊಬ್ಬಳು ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ಡೆಕಾರ್ಟ್‌ಗೆ ಕಾಗದ ಬರೆದಳು. ಹೆಸರು ಎಲಿಸಬೆತ್. ಅವಳಪ್ಪ ಬೊಹೀಮಿಯಾದ ರಾಜನಾಗಿದ್ದದ್ದು ಒಂದೇ ಒಂದು ಚಳಿಗಾಲ. ಯುದ್ಧದಲ್ಲಿ ಸೋತ ಮೇಲೆ ಸಂಸಾರ ಹೇಗ್‌ನಲ್ಲಿ ಆಶ್ರಯ ಪಡೆದಿತ್ತು. ಕಾಗದದಲ್ಲಿದ್ದ ಪ್ರಶ್ನೆ ಇಷ್ಟೇ: ಆತ್ಮಕ್ಕೆ ಉದ್ದ ಅಗಲ ಇಲ್ಲ, ಅದು ಬರೀ ಯೋಚಿಸುವ ತತ್ತ್ವ ಅನ್ನುತ್ತೀರಿ. ಹಾಗಾದರೆ ಅದು ದೇಹವನ್ನು ಅಲ್ಲಾಡಿಸುವುದು ಹೇಗೆ? ತಳ್ಳಬೇಕು ಅಂದರೆ ಮುಟ್ಟಬೇಕಲ್ವಾ?

ಡೆಕಾರ್ಟ್ ಎರಡು ವರ್ಷ ಹಿಂದಷ್ಟೇ, 1641ರಲ್ಲಿ, ಮನಸ್ಸು ಬೇರೆ, ದೇಹ ಬೇರೆ ಎಂದು ಪುಸ್ತಕ ಬರೆದು ಹೆಸರಾಗಿದ್ದ. ನನಗೆ ದೇಹ ಇದೆಯೋ ಇಲ್ಲವೋ ಎಂದು ಅನುಮಾನ ಪಡಬಹುದು. ಆದರೆ ಅನುಮಾನ ಪಡುತ್ತಿರುವ ನಾನು ಇದ್ದೇನೆ ಎನ್ನುವುದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ಆದ್ದರಿಂದ ಎರಡೂ ಒಂದೇ ಅಲ್ಲ ಎನ್ನುವುದು ಅವನ ವಾದದ ಎಳೆ. ಇದರಿಂದ ಆಗಿನ ಹೊಸ ವಿಜ್ಞಾನಕ್ಕೂ ಅನುಕೂಲವಾಯಿತು. ದೇಹವನ್ನು ಗಡಿಯಾರದಂಥ ಯಂತ್ರ ಎಂದು ಬಿಚ್ಚಿ ನೋಡಬಹುದು, ಆತ್ಮದ ತಂಟೆಗೆ ಹೋಗಬೇಕಿಲ್ಲ.

ಅವನು ಕೊಟ್ಟ ಉತ್ತರ ನನಗಂತೂ ನುಣುಚಿಕೊಂಡಂತೆ ಕಾಣುತ್ತದೆ. ಕಲ್ಲಿನ ಭಾರ ಕಲ್ಲನ್ನು ಕೆಳಗೆಳೆಯುತ್ತದೆ, ಯಾರೂ ಮುಟ್ಟಿ ತಳ್ಳುವುದಿಲ್ಲ ಎಂದು ನಾವು ಅಂದುಕೊಳ್ಳುತ್ತೇವಲ್ಲ, ಆತ್ಮದ್ದೂ ಹಾಗೇ ಎಂದ. ಎಲಿಸಬೆತ್ ಒಪ್ಪಲಿಲ್ಲ. ಜಡವಲ್ಲದ್ದು ದೇಹವನ್ನು ಅಲ್ಲಾಡಿಸುತ್ತದೆ ಎಂದು ನಂಬುವುದಕ್ಕಿಂತ ಆತ್ಮಕ್ಕೇ ಉದ್ದ ಅಗಲ ಇದೆ ಎಂದು ಒಪ್ಪುವುದು ನನಗೆ ಸುಲಭ ಎಂದು ಜೂನ್‌ನಲ್ಲಿ ತಿರುಗಿ ಬರೆದಳು. ಇದನ್ನೆಲ್ಲ ಜಾಸ್ತಿ ಯೋಚಿಸಬಾರದು, ದಿನದ ಬದುಕು, ಮಾತುಕತೆಯಲ್ಲೇ ಇದು ಅರ್ಥವಾಗುತ್ತದೆ ಎಂಬ ಧಾಟಿಯಲ್ಲಿ ಅವನು ಸಮಾಧಾನ ಹೇಳಿದ. ಮರುವರ್ಷ ತನ್ನ ಹೊಸ ಪುಸ್ತಕವನ್ನು ಅವಳಿಗೇ ಅರ್ಪಿಸಿದ. 1649ರ ಪುಸ್ತಕದಲ್ಲಿ ಮೆದುಳಿನ ನಡುವಿನ ಪೀನಿಯಲ್ ಎಂಬ ಪುಟ್ಟ ಗ್ರಂಥಿಯೇ ಆತ್ಮದ ಮುಖ್ಯ ಠಾವು ಎಂದ. ಎಲ್ಲಿ ಎಂದು ಹೇಳಿದಂತಾಯಿತು. ಅವಳು ಕೇಳಿದ್ದು ಹೇಗೆ ಎಂದು.

ಎಲಿಸಬೆತ್ ಇದನ್ನು ಸುಮ್ನೆ ತರ್ಕಕ್ಕೆ ಕೇಳಿದ್ದೂ ಅಲ್ಲ. 1645ರಲ್ಲಿ ಬಿಡದ ಜ್ವರ, ಒಣಕೆಮ್ಮು ಅವಳನ್ನು ಕಾಡಿತು. ಮನೆತನದ ಕಷ್ಟಗಳ ಕೊರಗು ಮೈಗೂ ಇಳಿದಿದೆ ಎಂದು ಅವಳಿಗೆ ಗೊತ್ತಿತ್ತು. ಡೆಕಾರ್ಟ್ ಸತ್ತ ಮೇಲೆ ತನ್ನ ಕಾಗದಗಳನ್ನು ಅಚ್ಚು ಹಾಕಲು ಅವಳು ಬಿಡಲಿಲ್ಲ. ಅವು ಪ್ರಕಟವಾಗಿದ್ದು 1879ರಲ್ಲಿ.

ನಮ್ಮ ದೇಶದಲ್ಲಿ ಈ ಜಗಳ ಇನ್ನೂ ಹಳೆಯದು. ಬೌದ್ಧರ ದೀಘನಿಕಾಯ ಎಂಬ ಗ್ರಂಥದಲ್ಲಿ ಪಾಯಾಸಿ ಎಂಬ ದೊರೆ ಬರುತ್ತಾನೆ. ದೇಹ ಬಿಟ್ಟು ಹೋಗುವ ಜೀವ ಎಂಬುದೇ ಇಲ್ಲ ಎನ್ನುವುದು ಅವನ ಹಟ. ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗುವವನಲ್ಲ, ಪರೀಕ್ಷೆ ಮಾಡಿದವನು. ಕಳ್ಳನೊಬ್ಬನನ್ನು ಹಂಡೆಗೆ ಹಾಕಿಸಿ, ಬಾಯಿಗೆ ತೊಗಲು ಕಟ್ಟಿ, ಮಣ್ಣು ಮೆತ್ತಿಸಿ, ಉರಿಯ ಮೇಲಿಡಿಸಿದ. ಸತ್ತ ಮೇಲೆ ಮೆಲ್ಲಗೆ ತೆಗೆದು ನೋಡಿದರೆ ಜೀವ ಹೊರಗೆ ಬಂದದ್ದು ಕಾಣಲಿಲ್ಲ. ಇನ್ನೊಬ್ಬನನ್ನು ಸಾಯಿಸುವ ಮೊದಲೂ ಆಮೇಲೂ ತೂಗಿಸಿದ. ಹೆಣವೇ ಭಾರವಾಗಿತ್ತು! ನೀನು ಕನಸಿನಲ್ಲಿ ತೋಟ ಸುತ್ತುವಾಗ ಪಕ್ಕದಲ್ಲಿದ್ದ ದಾಸಿಯರಿಗೆ ನಿನ್ನ ಜೀವ ಹೋಗಿಬಂದದ್ದು ಕಂಡಿತೇ ಎಂದು ಭಿಕ್ಷು ಕುಮಾರ ಕಸ್ಸಪ ಕೇಳಿದ. ಕ್ರೂರ ಪರೀಕ್ಷೆ, ನಿಜ. ಆದರೆ ತಕ್ಕಡಿಯ ಆಸೆ ಅಲ್ಲಿಗೇ ನಿಲ್ಲಲಿಲ್ಲ. ಆತ್ಮದ ತೂಕ 21 ಗ್ರಾಂ ಎನ್ನುವ ಮಾತು ನೀವೂ ಕೇಳಿರಬಹುದು. ಅದು ಅಮೆರಿಕದ ವೈದ್ಯ ಡಂಕನ್ ಮೆಕ್‌ಡೂಗಲ್ 1907ರಲ್ಲಿ ಪ್ರಕಟಿಸಿದ್ದು. ಅವನು ತೂಗಿದ್ದು ಸಾಯುತ್ತಿದ್ದ ಆರೇ ಜನರನ್ನು. ವಿಜ್ಞಾನ ಅದನ್ನು ಒಪ್ಪಿಲ್ಲ.

20ನೇ ಶತಮಾನದಲ್ಲಿ ಕೆಲವರು ಪ್ರಶ್ನೆಯೇ ತಪ್ಪು ಎಂದರು. ಆಕ್ಸ್‌ಫರ್ಡ್‌ನ ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರಲ್ಲಿ ಡೆಕಾರ್ಟ್‌ನ ಮನಸ್ಸನ್ನು ‘ಯಂತ್ರದೊಳಗಿನ ದೆವ್ವ’ ಎಂದು ಗೇಲಿ ಮಾಡಿದ. ಕಾಲೇಜು, ಲೈಬ್ರರಿ, ಮೈದಾನ ಎಲ್ಲ ತೋರಿಸಿದ ಮೇಲೂ ‘ಸರಿ, ಯೂನಿವರ್ಸಿಟಿ ಎಲ್ಲಿ?’ ಅಂದರೆ ಹೇಗೆ? ನಡೆನುಡಿಯ ಹಿಂದೆ ಮನಸ್ಸು ಎಂಬ ಇನ್ನೊಂದು ವಸ್ತು ಹುಡುಕುವುದೂ ಹಾಗೇ ಎಂದ. ಜಾಣ ಮಾತು. ರಾತ್ರಿ ಎರಡು ಗಂಟೆಗೆ ಹಲ್ಲುನೋವಿನಲ್ಲಿ ಎದ್ದು ಕೂತವರಿಗೆ ಮಾತ್ರ ಇದು ಸಾಲದು. ಮುಂದೆ 1950ರ ದಶಕದಲ್ಲಿ ಮನಸ್ಸು ಎಂದರೆ ಮೆದುಳಿನ ಕ್ರಿಯೆಯೇ ಎಂಬ ವಾದ ಬಲವಾಯಿತು.

1995ರಲ್ಲಿ ಆಸ್ಟ್ರೇಲಿಯಾದ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಹಳೆಯ ಗಾಯವನ್ನೇ ಮತ್ತೆ ಕೆದಕಿದರು. ಹಸಿಮೆಣಸಿನಕಾಯಿ ಕಚ್ಚಿದಿರಿ ಅನ್ನಿ. ಬಿಸಿ ಗುರುತಿಸುವ ನರಗಳನ್ನೇ ಮೆಣಸಿನಕಾಯಿಯ ರಾಸಾಯನಿಕ ಕೆರಳಿಸುತ್ತದೆ, ಸುದ್ದಿ ಮೆದುಳಿಗೆ ಹೋಗುತ್ತದೆ, ಕಣ್ಣಲ್ಲಿ ನೀರು, ಕೈ ಮಜ್ಜಿಗೆ ಲೋಟದತ್ತ. ಇಷ್ಟನ್ನೂ ವಿಜ್ಞಾನ ವಿವರಿಸಬಹುದು. ಆದರೆ ಇದೆಲ್ಲದರ ಜೊತೆಗೆ ‘ಉಸ್ಸಪ್ಪಾ’ ಅನ್ನಿಸುವ ಆ ಉರಿಯ ಅನುಭವ ಯಾಕಿದೆ? ಇದೇ ಚಾಮರ್ಸ್ ಹೇಳುವ ‘ಕಠಿಣ ಸಮಸ್ಯೆ’.

1998ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ನರವಿಜ್ಞಾನಿ ಕ್ರಿಸ್ಟೋಫ್ ಕಾಖ್ ಚಾಮರ್ಸ್ ಜೊತೆ ಬಾಜಿ ಕಟ್ಟಿದರು. ಅರಿವಿಗೆ ಕಾರಣವಾಗುವ ಮೆದುಳಿನ ಗುರುತು 25 ವರ್ಷದಲ್ಲಿ ಸ್ಪಷ್ಟವಾಗಿ ಸಿಗುತ್ತದೆ ಎಂದು. ಪಣ, ಒಂದು ಪೆಟ್ಟಿಗೆ ವೈನ್. 2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ವೇದಿಕೆಯ ಮೇಲೆ ಕಾಖ್ ಸೋಲೊಪ್ಪಿ ಬಾಟಲಿಗಳನ್ನು ಕೊಟ್ಟರು. ಅದರಲ್ಲಿ 1978ರ ಮಡೇರಾ ಎಂಬ ವೈನ್ ಕೂಡ ಇತ್ತು. ಗೆದ್ದಿದ್ದರೂ ಅವರು ತೋರಿಸುತ್ತಿದ್ದದ್ದು ಅರಿವಿನ ಗುರುತು ಮೆದುಳಿನಲ್ಲಿ ಎಲ್ಲಿದೆ ಎನ್ನುವುದನ್ನು. ಎಲ್ಲಿ ಎನ್ನುವುದನ್ನು ಡೆಕಾರ್ಟ್ ಕೂಡ ಹೇಳಿದ್ದ.