ಜೋಕರ್ ಬದುಕಿದ್ದು ಒಂದೇ ಒಂದು ಪ್ಯಾನೆಲ್‌ನಿಂದ

ಬ್ಯಾಟ್‌ಮನ್ ಕಾಮಿಕ್ಸ್ ಓದದೇ ಇರೋರಿಗೂ ಅದ್ರ ವಿಲನ್ ಜೋಕರ್ ಗೊತ್ತು, ಆದ್ರೆ ಅವನು ಮೊದಲನೇ ಸಂಚಿಕೇಲೇ ಸತ್ತು ಹೋಗ್ಬೇಕಿತ್ತು. 1940ರಲ್ಲಿ ಬಂದ ಬ್ಯಾಟ್‌ಮನ್ 1ನೇ ಸಂಚಿಕೆ, ಬೆಲೆ 10 ಸೆಂಟ್, ಅದ್ರಲ್ಲಿ ಜೋಕರ್‌ದು ಎರಡು ಕಥೆ ಇದೆ, ಎರಡನೇದರ ಕೊನೇಲಿ ಹೊಡೆದಾಟದಲ್ಲಿ ಅವನ ಚಾಕು ಅವನಿಗೇ ಚುಚ್ಕೊಳತ್ತೆ, ಅಲ್ಲಿಗೆ ಅವನ ಕಥೆ ಮುಗೀತು ಅಂತಿತ್ತು ಲೆಕ್ಕ. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಒಪ್ಪಲಿಲ್ಲ, ಇಂಥ ವಿಲನ್ ಮತ್ತೆ ಸಿಗಲ್ಲ ಅಂತ ಕೊನೇಲಿ ಒಂದು ಪ್ಯಾನೆಲ್, ಅಂದ್ರೆ ಒಂದು ಚೌಕದ ಚಿತ್ರ, ಸೇರಿಸಿದ್ರು: ಡಾಕ್ಟರ್ ನೋಡಿ, ಇವನಿನ್ನೂ ಬದುಕಿದಾನೆ ಅಂತಾರೆ. ಅಷ್ಟೇ.

ಇವನನ್ನ ಹುಟ್ಟಿಸಿದ್ದು ಯಾರು ಅನ್ನೋ ಜಗಳ ಅವನನ್ನ ಮಾಡಿದೋರು ಬದುಕಿರೋವರೆಗೂ ಮುಗೀಲಿಲ್ಲ. ಆಗಿನ್ನೂ ಹುಡುಗನಾಗಿದ್ದ ಚಿತ್ರಕಾರ ಜೆರ್ರಿ ರಾಬಿನ್ಸನ್ ಜೋಕರ್ ಇಸ್ಪೀಟ್ ಎಲೆ ಬರೆದು ತಂದಿದ್ದು ನಾನೇ ಅಂದ್ರು, ಕಥೆಗಾರ ಬಿಲ್ ಫಿಂಗರ್ 1928ರ ಒಂದು ಮೂಕಿ ಚಿತ್ರದಲ್ಲಿ ಹಲ್ಲು ಕಿರಿದುಕೊಂಡೇ ಇರೋ ಪಾತ್ರ ಮಾಡಿದ್ದ ಕಾನ್ರಾಡ್ ವೈಟ್ ಫೋಟೋ ತಂದಿದ್ರು, ಆದ್ರೆ ಪುಟದ ಮೇಲೆ ವರ್ಷಗಟ್ಟಲೆ ಇದ್ದಿದ್ದು ಬ್ಯಾಟ್‌ಮನ್ ಚಿತ್ರಕಾರ ಬಾಬ್ ಕೇನ್ ಹೆಸರೊಂದೇ. ಫಿಂಗರ್ 1974ರಲ್ಲಿ ತೀರ್ಕೊಂಡ್ರು, ಬ್ಯಾಟ್‌ಮನ್‌ಗೆ ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ. ಇದು ನನಗೆ ಇವತ್ತಿಗೂ ಹೊಟ್ಟೆ ಉರಿಯೋ ವಿಷ್ಯ.

ಆ ಮೊದಲನೇ ಕಥೆ ಸಿಕ್ಕಿದ್ರೆ ನಿಧಾನವಾಗಿ ನೋಡಿ. ರಾತ್ರಿ 12ಕ್ಕೆ ಹೆನ್ರಿ ಕ್ಲಾರಿಜ್‌ನ ಕೊಲ್ತೀನಿ ಅಂತ ಜೋಕರ್ ರೇಡಿಯೋದಲ್ಲೇ ಹೇಳ್ತಾನೆ, ಪೊಲೀಸ್ರು ಸುತ್ತ ಕಾವಲು ನಿಂತಿರ್ತಾರೆ, 12 ಹೊಡೀತಿದ್ದಂಗೆ ಆ ಮನುಷ್ಯ ಸಾಯ್ತಾನೆ, ಮುಖದ ಮೇಲೆ ನಗು ಹಾಗೇ ಉಳಿಯತ್ತೆ. ರಕ್ತ ಇಲ್ಲ, ಜೋಕರ್ ಆ ರೂಮಲ್ಲೂ ಇಲ್ಲ. ಇನ್ನೊಂದು ವಿಷ್ಯ, ಆಗಿನ ಅಗ್ಗದ ನಾಲ್ಕು ಬಣ್ಣದ ಪ್ರಿಂಟಿಂಗಲ್ಲಿ ಬಿಳಿ ಅಂತ ಇಂಕೇ ಇರಲಿಲ್ಲ, ಕೂದಲಿನ ಹಸಿರು, ಕೋಟಿನ ನೇರಳೆ ಎಲ್ಲಾ ಬಣ್ಣದ ಚುಕ್ಕೆ ಬೆರೆಸಿ ಬಂದಿದ್ದು, ಆದ್ರೆ ಅವನ ಮುಖ ಇಂಕ್ ಹಾಕದೇ ಬಿಟ್ಟ ಖಾಲಿ ಕಾಗದ. ಸುತ್ತ ಅಷ್ಟು ಬಣ್ಣ ಇರೋವಾಗ ಕಣ್ಣು ಆ ಖಾಲಿ ಜಾಗಕ್ಕೇ ಹೋಗತ್ತೆ, ಭಯ ಇರೋದು ಅಲ್ಲೇ ಅಂತ ನನ್ನ ಅನಿಸಿಕೆ. ಈಗಿನ ಮರುಮುದ್ರಣದ ನುಣುಪು ಪೇಪರಲ್ಲಿ ಆ ಮುಖಕ್ಕೂ ಶೇಡಿಂಗ್ ಕೊಟ್ಟಾಗ ನನಗೆ ಅಷ್ಟು ಹಿಡಿಸಲ್ಲ.

ಆ ಭಯ ಜಾಸ್ತಿ ದಿನ ಉಳೀಲಿಲ್ಲ. 40ರ ದಶಕದಲ್ಲೇ ಜೋಕರ್ ಕೊಲೆ ಬಿಟ್ಟು ಕಳ್ಳತನ, ಕೀಟಲೆ ಕಡೆ ವಾಲಿದ್ದ, ಆಮೇಲೆ 1954ರಲ್ಲಿ ಕಾಮಿಕ್ಸ್ ಓದಿ ಮಕ್ಕಳು ಹಾಳಾಗ್ತಿದಾರೆ ಅಂತ ಅಮೆರಿಕಾದ ಸೆನೆಟ್‌ನಲ್ಲಿ ವಿಚಾರಣೆ ನಡೀತು, ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅಲ್ಲಿ ಸಾಕ್ಷಿ ಹೇಳಿದ್ರು, ಪ್ರಕಾಶಕರು ಹೆದರಿ ತಾವೇ ಕಾಮಿಕ್ಸ್ ಕೋಡ್ ಅನ್ನೋ ನಿಯಮಾವಳಿ ಮಾಡ್ಕೊಂಡ್ರು. ಪ್ರತಿ ಸಲ ಒಳ್ಳೇದೇ ಗೆಲ್ಲಬೇಕು, ಅಪರಾಧಿಗೆ ಶಿಕ್ಷೆ ಆಗ್ಬೇಕು ಅಂತ ರೂಲ್. ಮುಂದೇನಾಗತ್ತೆ ಅಂತ ಮೊದಲೇ ಗೊತ್ತಿದ್ರೆ ವಿಲನ್ ಮುಖ ನೋಡಿ ಯಾರು ಹೆದರ್ತಾರೆ?

1971ರಲ್ಲಿ ಕೋಡ್ ಸಡಿಲ ಆಯ್ತು, 1973ರಲ್ಲಿ ಡೆನ್ನಿ ಓ'ನೀಲ್ ಬರೆದು ನೀಲ್ ಆಡಮ್ಸ್ ಚಿತ್ರ ಬಿಡಿಸಿದ ಬ್ಯಾಟ್‌ಮನ್ 251ನೇ ಸಂಚಿಕೆ ಬಂತು, ಅದ್ರಲ್ಲಿ ಹಳೇ ಸಹಚರರಲ್ಲಿ ಒಬ್ಬ ತನಗೆ ದ್ರೋಹ ಮಾಡಿದಾನೆ ಅಂತ ಜೋಕರ್ ಅವರನ್ನ ಹುಡುಕ್ಕೊಂಡು ಹೋಗಿ ಒಬ್ಬೊಬ್ಬರನ್ನೇ ಕೊಲ್ತಾ ಹೋಗ್ತಾನೆ. ಕವರ್ ಮೇಲೆ ದೈತ್ಯನ ಥರ ಜೋಕರ್, ಕೈಲಿ ಇಸ್ಪೀಟ್ ಎಲೆ, ಎಲೆಯೊಳಗೆ ಸಿಕ್ಕಾಕ್ಕೊಂಡ ಬ್ಯಾಟ್‌ಮನ್. ಆಡಮ್ಸ್ ಆ ಮುಖಕ್ಕೆ ಉದ್ದನೆ ಗದ್ದ, ಮೂಳೆ, ನೆರಳು ಎಲ್ಲಾ ಕೊಟ್ರು, ಕಾರ್ಟೂನ್ ಥರ ಇದ್ದವನು ಪಕ್ಕದಲ್ಲೇ ನಿಂತಿರೋ ಮನುಷ್ಯ ಆದ.

ನನ್ನ ಫೇವರಿಟ್ ಮಾತ್ರ 1978ರಲ್ಲಿ ಸ್ಟೀವ್ ಎಂಗಲ್‌ಹಾರ್ಟ್, ಮಾರ್ಷಲ್ ರಾಜರ್ಸ್ ಮಾಡಿದ ಮೀನಿನ ಕಥೆ. ಸಮುದ್ರದ ಮೀನಿಗೆಲ್ಲ ಜೋಕರ್ ನಗು ಬಂದಿರತ್ತೆ, ಇವನು ಕಾಪಿರೈಟ್ ಆಫೀಸಿಗೆ ಹೋಗಿ ಈ ಮೀನಿಗೆಲ್ಲ ನಂಗೆ ಕಾಪಿರೈಟ್ ಕೊಡಿ, ಮಾರಿದ್ದಕ್ಕೆ ನಂಗೂ ಪಾಲು ಬರ್ಬೇಕು ಅಂತಾನೆ, ಅಲ್ಲಿನ ಗುಮಾಸ್ತ ಮೀನಿಗೆ ಹಂಗೆಲ್ಲ ಕೊಡಕ್ಕಾಗಲ್ಲ ಸಾರ್ ಅಂತ ರೂಲ್ ಹೇಳ್ತಾನೆ, ಜೋಕರ್‌ಗೆ ನಿಜವಾಗ್ಲೂ ಸಿಟ್ಟು ಬರತ್ತೆ.