ನೂರು ಸಿಸಿ ಗಾಡಿ, ಐದು ಸಾವಿರ ಬಜೆಟ್: ಪಿಕಪ್ ಎಲ್ಲಿಂದ ತರೋದು?

ಪ್ರಶ್ನೆ: ಸರ್, ನನ್ನದು 2014ರ ಸ್ಪ್ಲೆಂಡರ್. ಯಲಹಂಕದಿಂದ ಮೆಜೆಸ್ಟಿಕ್ ಕಡೆಗೆ ದಿನಾ ಓಡಾಟ. ಒಬ್ಬನೇ ಇದ್ದರೆ ಪರವಾಗಿಲ್ಲ. ಹಿಂದೆ ತಮ್ಮ ಕೂತರೆ ಹೆಬ್ಬಾಳ ಫ್ಲೈಓವರ್ ಹತ್ತುವಾಗ ಗಾಡಿ ಎಳೆಯೋದೇ ಇಲ್ಲ, ಮೂರನೇ ಗೇರಿಗೆ ಇಳಿಸಬೇಕು. ಫ್ರೆಂಡ್ಸ್ ಎಲ್ಲ ಹೊಗೆಯನ್ನ ತಡೆಯಿಲ್ಲದೆ ಬಿಡೋ ಫ್ರೀ ಫ್ಲೋ ಸೈಲೆನ್ಸರ್ ಹಾಕ್ಸು, ಗಾಳಿ ಜಾಸ್ತಿ ಎಳೆಯೋ ಕೋನ್ ಫಿಲ್ಟರ್ ಹಾಕ್ಸು ಅಂತಾರೆ. ಬಜೆಟ್ ಐದು ಸಾವಿರ. ಯಾವುದನ್ನ ಮೊದಲು ಮಾಡಿಸಲಿ?

ಉತ್ತರ: ಎರಡೂ ಬೇಡ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಕಾಫಿ ತಗೊಂಡೇ ಕೂತುಕೊಳ್ಳಿ.

ಮೊದಲು ಒಂದು ಲೆಕ್ಕ. ನಿಮ್ಮ ಎಂಜಿನ್ 97.2 ಸಿಸಿ. ಶೋರೂಮಿನಿಂದ ಬಂದ ದಿನ ಅದರ ಶಕ್ತಿ ಸುಮಾರು 8 ಬಿಎಚ್‌ಪಿ. ಆದರೆ ಆ ಎಂಟೂ ಸಿಗೋದು ಎಂಜಿನ್ 8000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 8000 ಸುತ್ತಿನ ಹತ್ತಿರ ಕಿರುಚುವಾಗ ಮಾತ್ರ. ನಲವತ್ತರ ಸ್ಪೀಡಿನಲ್ಲಿ ನಾಲ್ಕನೇ ಗೇರಿನಲ್ಲಿ ಹೋಗುವಾಗ ಅದು ಸುಮಾರು ಅರ್ಧದಷ್ಟು ವೇಗದಲ್ಲಿ ತಿರುಗುತ್ತಿರುತ್ತದೆ. ಆಗ ಕೈಗೆ ಸಿಗುವ ಶಕ್ತಿಯೂ ಹೆಚ್ಚು ಕಡಿಮೆ ಅರ್ಧವೇ. ಈಗ ಗಾಡಿ, ನೀವು, ನಿಮ್ಮ ತಮ್ಮ ಎಲ್ಲ ಸೇರಿ 250 ಕೆಜಿ ಅಂದುಕೊಳ್ಳೋಣ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಇಷ್ಟು ಭಾರವನ್ನು ನಲವತ್ತರಲ್ಲಿ ಎತ್ತಿಕೊಂಡು ಹೋಗೋಕೆ ಹತ್ತಿರ ಹತ್ತಿರ ಎರಡು ಬಿಎಚ್‌ಪಿ ಬೇಕು. ಬರೀ ಏರೋದಕ್ಕೆ! ಗಾಳಿ ಸೀಳೋದು, ಟೈರು ಉರುಳೋದು, ಚೈನು ತಿರುಗೋದು, ಇದರ ಖರ್ಚು ಬೇರೆ. ಹೀಗಾಗಿ ಮೂರನೇ ಗೇರಿಗೆ ಇಳಿಸೋದರಲ್ಲಿ ಅವಮಾನವೇನೂ ಇಲ್ಲ. ಗೇರು ಇರೋದೇ ಅದಕ್ಕೆ.

ಇನ್ನೊಂದು ವಿಷಯ ನಾವು ಬೆಂಗಳೂರಿನವರು ಮರೆತೇ ಬಿಡುತ್ತೇವೆ. ನಮ್ಮೂರು ಸಮುದ್ರಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇಕಡ ಎಂಟರಷ್ಟು ತೆಳು. ಗಾಳಿ ಕಡಿಮೆ ಅಂದರೆ ಉರಿಯೋದು ಕಡಿಮೆ, ಶಕ್ತಿಯೂ ಕಡಿಮೆ. ಎಂಟರಲ್ಲಿ ಮುಕ್ಕಾಲು ಬಿಎಚ್‌ಪಿಯಷ್ಟನ್ನು ಊರೇ ತಿಂದುಬಿಟ್ಟಿದೆ. ತಂಪು ಹವೆಗೆ ಕೊಡುವ ಬಾಡಿಗೆ ಅಂದುಕೊಳ್ಳಿ.

ಈಗ ಸೈಲೆನ್ಸರ್ ವಿಷಯ. ಈ ಸಲಹೆ ಎಲ್ಲಿಂದ ಬಂತು ಗೊತ್ತಾ? ಟೂ ಸ್ಟ್ರೋಕ್ ಕಾಲದಿಂದ. ಯಮಹಾ ಆರ್‌ಎಕ್ಸ್ 100 ಗಾಡಿಯ ಎಂಜಿನ್ ಬರೀ 98 ಸಿಸಿ, ಶಕ್ತಿ 11 ಬಿಎಚ್‌ಪಿ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಕೂಡ ಟೂ ಸ್ಟ್ರೋಕೇ. ಎರಡೂ 1996ರಲ್ಲಿ ನಿಂತವು, ಆದರೆ ಅವುಗಳ ಮೇಲೆ ಕೈ ಪಳಗಿಸಿಕೊಂಡ ಮೆಕ್ಯಾನಿಕ್‌ಗಳ ಮಾತು ಇನ್ನೂ ನಿಂತಿಲ್ಲ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಅಂದರೆ ಅರ್ಧ ಎಂಜಿನ್ ಇದ್ದ ಹಾಗೆ. ಹೊರಗೆ ಹೋದ ಹೊಗೆಯ ಅಲೆ ಪೈಪಿನ ಕೋನ್‌ಗೆ ಬಡಿದು ವಾಪಸ್ ಬಂದು, ತಪ್ಪಿಸಿಕೊಳ್ಳುತ್ತಿದ್ದ ಹೊಸ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಪೈಪಿನ ಆಕಾರ ಬದಲಿಸಿದರೆ ಶಕ್ತಿ ನಿಜವಾಗಿಯೂ ಬದಲಾಗುತ್ತದೆ. ನಿಮ್ಮದು ಫೋರ್ ಸ್ಟ್ರೋಕ್. ಅಲ್ಲಿ ಬಾಗಿಲು ಹಾಕೋಕೆ ವಾಲ್ವ್ ಇದೆ. ಒಳಗಿನ ಜಾಲರಿ ಕಿತ್ತು ಬಿಸಾಕಿದರೆ ಮೇಲಿನ ಆರ್‌ಪಿಎಂನಲ್ಲಿ ಚೂರು ಸಿಗಬಹುದು. ಆದರೆ ಫ್ಲೈಓವರ್ ಹತ್ತೋಕೆ ಬೇಕಾದ ಕೆಳಗಿನ ಎಳೆತ ಕಡಿಮೆಯೇ ಆಗುತ್ತದೆ.

ಕಾಲೇಜಿನಲ್ಲಿದ್ದಾಗ ನಾನೂ ಇದನ್ನೇ ಮಾಡಿದ್ದೆ. ಡ್ರಿಲ್ ತಗೊಂಡು ನಾನೇ ಸೈಲೆನ್ಸರಿಗೆ ತೂತು ಕೊರೆದೆ. ಮೊದಲ ದಿನ ಗಾಡಿ ಹಾರಿದಂಗೆ ಅನ್ನಿಸಿತು. ಮೇಖ್ರಿ ಸರ್ಕಲ್ ಏರಿನಲ್ಲಿ ಫ್ರೆಂಡ್‌ನ ಹಳೇ ಗಾಡಿ ಸುಮ್ನೆ ನನ್ನ ಪಕ್ಕದಲ್ಲೇ ಹೋಯ್ತು. ಅವನದ್ದು ಸದ್ದಿಲ್ಲ, ನನ್ನದು ರಸ್ತೆಯೆಲ್ಲ ತಿರುಗಿ ನೋಡೋ ಹಾಗೆ. ಕಿವಿಗೆ ಪಿಕಪ್ ಸಿಕ್ಕಿತ್ತು, ಚಕ್ರಕ್ಕೆ ಸಿಕ್ಕಿರಲಿಲ್ಲ.

ಹಾಗಾದರೆ ಏನು ಮಾಡೋದು? ನಿಮ್ಮ ಗಾಡಿಗೆ ಹತ್ತು ವರ್ಷ ದಾಟಿದೆ. ಅದು ಇವತ್ತು 8 ಬಿಎಚ್‌ಪಿ ಕೊಡುತ್ತಿಲ್ಲ, ಬರೆದುಕೊಳ್ಳಿ. ಹೊಸ ಶಕ್ತಿ ಹುಡುಕೋ ಮೊದಲು ಕಳೆದುಹೋಗಿರೋದನ್ನ ಹುಡುಕೋಣ. ಇದು ಅಗ್ಗದ ಕೆಲಸ, ಫಲವೂ ಜಾಸ್ತಿ.

ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್ ಮಾಡಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ಕೆಲವು ಸುತ್ತು ತಿರುಗಬೇಕು. ಸರ್ ಅಂತ ಉಜ್ಜಿ ಒಂದೇ ಸುತ್ತಿಗೆ ನಿಂತರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಚೈನ್ ಬಿಗಿಯಾಗಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಎಷ್ಟೋ ಜನ ಬ್ರೇಕ್ ಹಾಕಿಕೊಂಡೇ ಗಾಡಿ ಓಡಿಸಿ ಎಂಜಿನ್ನನ್ನು ಬೈಯುತ್ತಿರುತ್ತಾರೆ. ಚೈನ್ ಮಧ್ಯದಲ್ಲಿ ಬೆರಳಿನಿಂದ ಎತ್ತಿದರೆ ಎರಡು, ಎರಡೂವರೆ ಸೆಂಟಿಮೀಟರ್ ಆಡಬೇಕು. ಟೈರಿಗೆ ಗಾಳಿ ಹಿಡಿಸಿ. ಇಲ್ಲಿಯವರೆಗಿನ ಖರ್ಚು ಹೆಚ್ಚು ಕಡಿಮೆ ಸೊನ್ನೆ.

ಆಮೇಲೆ ಪ್ಲಗ್ ಬಿಚ್ಚಿ ನೋಡಿ. ಒಂದು ಅರ್ಧ ಗಂಟೆ ಓಡಿಸಿ ಬಂದ ಮೇಲೆ ಬಿಚ್ಚಬೇಕು, ಕೈ ಸುಟ್ಟುಕೊಳ್ಳಬೇಡಿ. ತುದಿ ತಿಳಿ ಕಾಫಿ ಬಣ್ಣದಲ್ಲಿದ್ದರೆ ಸರಿ. ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಅಥವಾ ಫಿಲ್ಟರ್ ಕಟ್ಟಿಕೊಂಡಿದೆ. ಬೆಳ್ಳಗೆ ಸುಣ್ಣದ ಹಾಗಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಈ ಬಿಳಿ ಬಣ್ಣಕ್ಕೆ ಹೆದರಬೇಕು. ಹೀಗೇ ಓಡಿಸಿದರೆ ವಾಲ್ವ್, ಪಿಸ್ಟನ್ ಎರಡೂ ಸುಡುತ್ತವೆ. ಈಗ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್ ಇದೆ. ಎಥನಾಲಿನಲ್ಲೇ ಆಮ್ಲಜನಕ ಇರೋದರಿಂದ ಹಳೇ ಕಾರ್ಬುರೇಟರ್ ಗಾಡಿಗಳು ಮೊದಲಿಗಿಂತ ಚೂರು ಬಿಳಿ ಕಡೆಗೇ ವಾಲುತ್ತವೆ. ನಿಮ್ಮ ಗಾಡಿ ಆ ಗುಂಪಿನದ್ದೇ. ಕೋನ್ ಫಿಲ್ಟರ್ ಹಾಕಿಸಿ ಇನ್ನಷ್ಟು ಗಾಳಿ ನುಗ್ಗಿಸಿ, ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಜೆಟ್ ಬದಲಿಸದೆ ಬಿಟ್ಟರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಜೊತೆಗೆ ನಮ್ಮ ಮೆಟ್ರೋ ಕಾಮಗಾರಿಯ ಧೂಳು. ತೆರೆದ ಫಿಲ್ಟರ್ ಅದನ್ನೂ ಒಳಗೆ ಕರೆದುಕೊಳ್ಳುತ್ತದೆ. ಕಂಪನಿಯ ಫಿಲ್ಟರನ್ನೇ ಹೊಸದು ಹಾಕಿಸಿ. ಎಣ್ಣೆ ಹಿಡಿದ ಕಾಗದದ ಫಿಲ್ಟರ್ ಆಗಿದ್ದರೆ ಗಾಳಿ ಹೊಡೆಸಿ ಮತ್ತೆ ಹಾಕೋದು ಬೇಡ, ಬದಲಿಸೋದೇ ಸರಿ.

ಕಾರ್ಬುರೇಟರ್ ಬಿಚ್ಚಿಸಿ ತೊಳೆಸಿ. ಸ್ಲೋ ಜೆಟ್‌ನ ತೂತು ಕಣ್ಣಿಗೆ ಕಾಣದಷ್ಟು ಸಣ್ಣದು. ಅದಕ್ಕೆ ತಂತಿ ಚುಚ್ಚೋಕೆ ಬಿಡಬೇಡಿ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ಮುಗೀತು. ಕ್ಲೀನರ್ ಸ್ಪ್ರೇ, ಗಾಳಿ, ಅಷ್ಟೇ ಸಾಕು.

ಇನ್ನು ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತುಂಡಿಗೂ ನಡುವೆ ಬಿಡುವ ಸಣ್ಣ ಸಂದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೆಚ್ಚಿನ ಗಾಡಿಗಳಲ್ಲಿ ಪಿಕಪ್ ಕಳ್ಳ ಕೂತಿರೋದೇ ಇಲ್ಲಿ. ಒಮ್ಮೆ ನನ್ನ ಗಾಡಿ ಟಕ್ ಟಕ್ ಅಂತಿದೆ ಅಂತ ಒಂದು ಗ್ಯಾರೇಜಿಗೆ ಬಿಟ್ಟೆ. ಸಂಜೆ ಬಂದರೆ ಸದ್ದೇ ಇಲ್ಲ, ಹೊಲಿಗೆ ಮೆಷಿನ್ ಥರ ಓಡುತ್ತಿದೆ. ಖುಷಿಯಲ್ಲಿ ದುಡ್ಡು ಕೊಟ್ಟು ಬಂದೆ. ಒಂದೇ ವಾರಕ್ಕೆ ಶುರುವಾಯ್ತು. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ಆಫ್ ಆಗೋದು, ಏರಿನಲ್ಲಿ ಉಸಿರುಗಟ್ಟೋದು. ಕೊನೆಗೆ ನಮ್ಮ ಬೀದಿ ಮೂಲೆಯ ಅಣ್ಣನ ಹತ್ತಿರ ಹೋದೆ. ರಾತ್ರಿಯಿಡೀ ಗಾಡಿ ನಿಲ್ಲಿಸಿಟ್ಟು ಬೆಳಿಗ್ಗೆ ತಣ್ಣಗಿರುವಾಗಲೇ ತನ್ನಿ ಅಂದ. ಹೆಡ್ ಮೇಲಿನ ಎರಡು ಮುಚ್ಚಳ ಬಿಚ್ಚಿ, ಗೇಜಿನ ತೆಳು ತಗಡನ್ನು ವಾಲ್ವ್ ಮೇಲೆ ತೂರಿಸೋಕೆ ನೋಡಿದ. ಹೋಗಲೇ ಇಲ್ಲ. ಬೆಳ್ಳಿ ಹಾಳೆಯಷ್ಟು ತೆಳು ತಗಡು, ಅದಕ್ಕೂ ಜಾಗ ಇಲ್ಲ. "ಸೌಂಡ್ ಹೋಗ್ಲಿ ಅಂತ ಟೈಟ್ ಮಾಡಿಟ್ಟವ್ರೆ ಸಾರ್. ವಾಲ್ವ್ ಬಾಯಿ ಮುಚ್ಚೋದೇ ಇಲ್ಲ, ಇನ್ನು ಗಾಡಿ ಎಲ್ಲಿ ಎಳೆಯುತ್ತೆ?" ಅಂದ. ಹತ್ತು ನಿಮಿಷದ ಕೆಲಸ. ಸದ್ದು ವಾಪಸ್ ಬಂತು, ಪಿಕಪ್ಪೂ ಬಂತು.

ಇಂಥ ಸಣ್ಣ ಎಂಜಿನ್‌ಗಳಲ್ಲಿ ಆ ಸಂದು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಇರಲ್ಲ. ಕಿವಿಯಲ್ಲಿ ಕೇಳಿ ಅಡ್ಜಸ್ಟ್ ಮಾಡೋರ ಹತ್ತಿರ ಬೇಡ. ಗೇಜ್ ಇಟ್ಟು, ಎಂಜಿನ್ ತಣ್ಣಗಿರುವಾಗ, ಗಾಡಿಯ ಪುಸ್ತಕದಲ್ಲಿ ಬರೆದಷ್ಟಕ್ಕೇ ಹಾಕೋರ ಹತ್ತಿರ ಹೋಗಿ.

ಇಷ್ಟೆಲ್ಲ ಮಾಡಿಸಿದರೂ ಎಳೆಯದಿದ್ದರೆ ಕ್ಲಚ್ ಜಾರುತ್ತಿದೆಯಾ ನೋಡಬೇಕು. ಎಕ್ಸಲರೇಟರ್ ತಿರುಗಿಸಿದಾಗ ಎಂಜಿನ್ ಸದ್ದು ಏರಿ ಸ್ಪೀಡ್ ಏರದಿದ್ದರೆ ಅದೇ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ. ಎಂಜಿನ್ ಬಿಚ್ಚಿಸೋ ಖರ್ಚು ಬಂತೆಂದರೆ ಐದು ಸಾವಿರ ಸಾಲದೇ ಹೋಗಬಹುದು, ಆದರೆ ಅದನ್ನು ಬಿಟ್ಟು ಬೇರೇನು ಮಾಡಿಸಿದರೂ ದಂಡ.

ಎಂಜಿನ್ ಚೆನ್ನಾಗಿದೆ ಅಂತಾದರೆ, ಆಗ ಬರೋಣ ನನ್ನ ಮೆಚ್ಚಿನ ಕೆಲಸಕ್ಕೆ. ಚೈನ್ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ. ಲೆಕ್ಕಕ್ಕೆ ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಅಂದುಕೊಳ್ಳೋಣ. ಮುಂದಿನದು ಮೂರು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಮುಂದೆ 13 ಹಲ್ಲಿನದು ಹಾಕಿದರೆ ಅದೇ ಒಂದು ಸುತ್ತಿಗೆ ಮುಂದಿನದು 3.23 ಸುತ್ತು ತಿರುಗುತ್ತದೆ. ಅಂದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಎಳೆತ ಶೇಕಡ ಏಳೂವರೆಗಿಂತ ತುಸು ಹೆಚ್ಚೇ ಏರುತ್ತದೆ. ಊರಿನ ಎತ್ತರ ಕಿತ್ತುಕೊಂಡದ್ದಕ್ಕೆ ಸುಮಾರು ಸರಿಹೋಯ್ತು, ಅಲ್ವಾ? ಎಂಜಿನ್ ಬಿಎಚ್‌ಪಿ ಚೂರೂ ಹೆಚ್ಚಾಗಿಲ್ಲ. ಆದರೆ ನಿಮಗೆ ಬೇಕಾಗಿದ್ದು ಫ್ಲೈಓವರ್ ಮೇಲೆ ನಾಲ್ಕನೇ ಗೇರು, ಅದು ಸಿಕ್ಕಿತು.

ಇದಕ್ಕೂ ಬೆಲೆ ತೆರಬೇಕು. ಅದೇ ಸ್ಪೀಡಿಗೆ ಎಂಜಿನ್ ಜಾಸ್ತಿ ತಿರುಗುತ್ತದೆ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹೈವೇಯಲ್ಲಿ ಗಾಡಿ ಬೇಗ ಕಿರುಚುತ್ತದೆ. ಮುಂದಿನ ಸ್ಪ್ರಾಕೆಟ್ ಸಣ್ಣದಾದಷ್ಟೂ ಚೈನ್ ಬಿಗಿಯಾಗಿ ಬಾಗಬೇಕು, ಬೇಗ ಸವೆಯುತ್ತದೆ. ಹೀಗಾಗಿ ಒಂದೇ ಹಲ್ಲು ಸಾಕು, ಎರಡು ಬೇಡ. ಹಳೇ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಿಸಬೇಡಿ, ಪೂರ್ತಿ ಸೆಟ್ಟೇ ಬದಲಿಸಿ, ಮುಂದಿನ 13 ಹಲ್ಲಿನದನ್ನು ಬೇರೆಯಾಗಿ ತಗೊಳ್ಳಿ. ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಿಗೆ ಹೋಗುವಾಗ ಹಳೇ ಸ್ಪ್ರಾಕೆಟ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಬಾಯಲ್ಲಿ ಹೇಳಿದರೆ ಯಾವುದೋ ಮಾಡಲಿನದು ಕೊಡುತ್ತಾರೆ. ಕೌಂಟರ್ ಮೇಲೆ ಹಳೇದರ ಮೇಲೆ ಹೊಸದು ಇಟ್ಟು ನಡುವಿನ ತೂತು ಕೂಡುತ್ತದಾ ನೋಡಿ, ಹಲ್ಲು ನೀವೇ ಎಣಿಸಿ.

ಸಿಲಿಂಡರ್ ಅಗಲ ಮಾಡಿ ದೊಡ್ಡ ಪಿಸ್ಟನ್ ಕೂರಿಸೋ ಬೋರ್ ಕಿಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ತಿಂಗಳು ಫ್ರೆಂಡ್ಸ್ ಹೇಳೇ ಹೇಳುತ್ತಾರೆ. ನಿಮ್ಮ ಎಂಜಿನ್‌ನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 50 ಮಿಲಿಮೀಟರ್. ಅದನ್ನು 52 ಮಾಡಿದರೂ ಸಿಗೋದು ಸುಮಾರು 105 ಸಿಸಿ. ಆ ಏಳೆಂಟು ಸಿಸಿಗೆ ಲೇತ್ ಖರ್ಚು, ಹೊಸ ಪಿಸ್ಟನ್, ಬಿಸಿಯ ತಲೆನೋವು. ಮೇಲಾಗಿ ಆರ್‌ಸಿಯಲ್ಲಿ ಬರೆದಿರೋ ಸಿಸಿಗೂ ಗಾಡಿಗೂ ತಾಳೆಯಾಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದನ್ನೇ ಬೇಡ ಅನ್ನೋದು. 2019ರ ತಿದ್ದುಪಡಿ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ನಿಮ್ಮ ಬಜೆಟ್ಟೂ ಅಷ್ಟೇ ನೋಡಿ. ಕರ್ಕಶ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ಪೊಲೀಸರು ರೋಡ್ ರೋಲರ್ ಹತ್ತಿಸುವ ವಿಡಿಯೋ ನೀವೂ ನೋಡಿರುತ್ತೀರಿ.

ದುಬಾರಿ ಪೆಟ್ರೋಲ್ ಹಾಕಿಸಿದರೆ ಪಿಕಪ್ ಬರಲ್ಲ. ಆಕ್ಟೇನ್ ಜಾಸ್ತಿ ಅಂದರೆ ತಾನಾಗೇ ಹೊತ್ತಿಕೊಳ್ಳದೆ ತಡೆಯೋ ಗುಣ ಜಾಸ್ತಿ ಅಂತ, ಶಕ್ತಿ ಜಾಸ್ತಿ ಅಂತಲ್ಲ. ನಿಮ್ಮ ಎಂಜಿನ್‌ಗೆ ಅದು ಬೇಕಿಲ್ಲ. ಭಾರ ಇಳಿಸಬೇಕೆಂದರೆ ದಪ್ಪ ಲೆಗ್ ಗಾರ್ಡ್, ಸೈಡ್ ಬಾಕ್ಸ್‌ನಲ್ಲಿರೋ ಹಳೇ ಸಾಮಾನು ತೆಗೆಯಿರಿ. ಸೀರೆ ಗಾರ್ಡ್ ಮಾತ್ರ ಮುಟ್ಟಬೇಡಿ. ಹಿಂದೆ ಕೂರೋರ ಸೀರೆ, ದುಪಟ್ಟಾ ಚಕ್ರಕ್ಕೆ ಸಿಕ್ಕದಂತೆ ಅದು ಇರಲೇಬೇಕು ಅಂತ ಕಾನೂನೇ ಇದೆ.

ಒಂದೊಂದೇ ಕೆಲಸ ಮಾಡಿಸಿ, ಪ್ರತಿ ಸಲ ಅಳೆದು ನೋಡಿ. ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆಯಲ್ಲಿ, ಅದೇ ಏರು, ಹಿಂದೆ ಅದೇ ತಮ್ಮ, ಮೂರನೇ ಗೇರು. ಮೂವತ್ತರಿಂದ ಐವತ್ತಕ್ಕೆ ಎಷ್ಟು ಸೆಕೆಂಡ್ ಅಂತ ಅವನು ಫೋನಿನಲ್ಲಿ ನೋಡಲಿ. ಮೂರು ಸಲ ಮಾಡಿ, ಬರೆದಿಟ್ಟುಕೊಳ್ಳಿ. ಸದ್ದು ಕೇಳಿ ಮೋಸ ಹೋಗಬಹುದು, ಸ್ಟಾಪ್‌ವಾಚ್ ಮೋಸ ಹೋಗಲ್ಲ.

ಹೊಸ ಸೆಟ್ ಜೊತೆ ಬಂದ 14 ಹಲ್ಲಿನ ಸ್ಪ್ರಾಕೆಟ್ ಇರುತ್ತದಲ್ಲ, ಅದಕ್ಕೆ ಗ್ರೀಸ್ ಹಚ್ಚಿ ಪೇಪರ್ ಸುತ್ತಿ ಮನೆಯಲ್ಲಿಡಿ. ಯಾವತ್ತಾದರೂ ತುಮಕೂರು ದಾಟಿ ಊರ ಕಡೆಗೆ ದೂರದ ಸವಾರಿ ಹೊರಟಾಗ ಅದನ್ನೇ ವಾಪಸ್ ಹಾಕಿಸಿಕೊಳ್ಳೋಕೆ ಬರುತ್ತದೆ.