ಕಂಬದ ಮೇಲಿನ ಲೈನ್‌ಮ್ಯಾನ್‌ಗೆ ಉತ್ತರ ಕೊಡುತ್ತಿದ್ದ ನಂಬರ್‌ಗಳು

ಮಂಗಳೂರಲ್ಲಿ ಮಳೆಗಾಲ ಶುರುವಾದರೆ ಲ್ಯಾಂಡ್‌ಲೈನ್ ಕೆಡುವುದು ಮಾಮೂಲಿಯಾಗಿತ್ತು. ಕೇಬಲ್ ಜಾಯಿಂಟ್‌ಗೆ ನೀರು ಇಳಿಯುತ್ತಿತ್ತು, ಕಡಲ ಗಾಳಿಗೆ ತಾಮ್ರ ಕಿಲುಬು ಹಿಡಿಯುತ್ತಿತ್ತು. ರಿಸೀವರ್ ಎತ್ತಿದರೆ ಬರೀ ಕರಕರ. ನಮಗೆ ಗೊತ್ತಿದ್ದದ್ದು ಕಂಪ್ಲೇಂಟ್ ಕೊಡುವ 198 ಮಾತ್ರ. ರಿಪೇರಿ ಮಾಡುವವರಿಗಾಗಿ ಡೈರೆಕ್ಟರಿಯಲ್ಲಿಲ್ಲದ ನಂಬರ್‌ಗಳೂ ಇದ್ದವು.

ಇವು ಹುಟ್ಟಿದ್ದು ಆಪರೇಟರ್ ಇಲ್ಲವಾದದ್ದರಿಂದ. ಮೊದಲೆಲ್ಲ ಲೈನ್‌ಮ್ಯಾನ್ ಆಪರೇಟರ್ ಹತ್ತಿರವೇ 'ಇದು ಯಾವ ನಂಬರ್? ಒಮ್ಮೆ ರಿಂಗ್ ಕೊಡಿ' ಅಂತ ಕೇಳಬಹುದಿತ್ತು. 1891ರಲ್ಲಿ ಅಮೆರಿಕದ ಆಲ್ಮನ್ ಸ್ಟ್ರೌಜರ್‌ಗೆ ಆಟೋಮ್ಯಾಟಿಕ್ ಎಕ್ಸ್‌ಚೇಂಜ್‌ನ ಪೇಟೆಂಟ್ ಸಿಕ್ಕಿತು. ಮುಂದೆ ಊರೂರಲ್ಲಿ ಆಪರೇಟರ್ ಜಾಗಕ್ಕೆ ಯಂತ್ರ ಬಂದ ಮೇಲೆ ಆ ಪ್ರಶ್ನೆಗೂ ಯಂತ್ರವೇ ಉತ್ತರ ಕೊಡಬೇಕಾಯಿತು, ಅಲ್ವಾ? ಮನೆಮನೆಗೆ ತಂತಿ ಕವಲೊಡೆಯುವ ಡಿಪಿ ಬಾಕ್ಸ್‌ನಲ್ಲಿ ಹತ್ತಿಪ್ಪತ್ತು ಜೋಡಿ ತಂತಿ, ಎಲ್ಲವೂ ನೋಡಲಿಕ್ಕೆ ಒಂದೇ ಥರ. ಟೆಸ್ಟ್ ಫೋನಿನ ಕ್ಲಿಪ್ ಒಂದು ಜೋಡಿಗೆ ಕಚ್ಚಿಸಿ ಕೋಡ್ ಒತ್ತಿದರೆ ಅದು ಯಾರ ಲೈನ್ ಅಂತ ಗೊತ್ತಾಗಬೇಕು. ಬ್ರಿಟನ್ನಿನಲ್ಲಿ 17070 ಈ ಕೆಲಸಕ್ಕೇ ಇದೆ: ನಂಬರ್ ಓದಿ ಹೇಳುತ್ತದೆ, ವಾಪಸ್ ರಿಂಗ್ ಕೊಡುತ್ತದೆ, ಬೇಕಿದ್ದರೆ ಏನೂ ಸದ್ದಿಲ್ಲದ ಲೈನ್ ಕೊಡುತ್ತದೆ. ಆ ಮೌನದಲ್ಲೂ ಕರಕರ ಕೇಳಿದರೆ ತಂತಿಯೇ ಹಾಳು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಮಿಲಿವಾಟ್ ಟೋನ್. ಅದರ ಕೋಡ್ ಒತ್ತಿದರೆ ಎಕ್ಸ್‌ಚೇಂಜ್ ಸರಿಯಾಗಿ 1 ಮಿಲಿವಾಟ್ ಶಕ್ತಿಯ ಒಂದೇ ಸ್ವರ ಕಳಿಸುತ್ತದೆ; ಈ ತುದಿಯಲ್ಲಿ ಅಳೆದರೆ ದಾರಿಯಲ್ಲಿ ಎಷ್ಟು ಸೋರಿತು ಅಂತ ಲೆಕ್ಕ ಸಿಗುತ್ತದೆ. ಮೊದಲು ಆ ಸ್ವರ 1000 ಹರ್ಟ್ಜ್ ಇತ್ತು. ಡಿಜಿಟಲ್ ಎಕ್ಸ್‌ಚೇಂಜ್‌ಗಳು ಬಂದು, ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು ಅಂಕಿ ಮಾಡತೊಡಗಿದಾಗ ಒಂದು ತೊಡಕು ಕಂಡಿತು: 8000 ಅನ್ನು 1000 ಸರಿಯಾಗಿ ಭಾಗಿಸುತ್ತದೆ, ಹಾಗಾಗಿ ಅಲೆಯ ಅದೇ ಎಂಟು ಜಾಗಗಳು ಮತ್ತೆ ಮತ್ತೆ ಅಳತೆಗೆ ಸಿಗುತ್ತವೆ, ಉಳಿದ ಮಟ್ಟಗಳು ಪರೀಕ್ಷೆಯಾಗದೆ ತಪ್ಪಿಸಿಕೊಳ್ಳುತ್ತವೆ. ಅಮೆರಿಕದವರು ಅದನ್ನು 1004 ಮಾಡಿದರು. ಬರೀ ನಾಲ್ಕು ಹರ್ಟ್ಜ್! ಇಷ್ಟು ಸಣ್ಣ ಬದಲಾವಣೆಯ ಹಿಂದೆ ಇಷ್ಟು ಯೋಚನೆ ಇದೆ ಅನ್ನೋದು ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ.

ಮೊಬೈಲ್‌ನಲ್ಲೂ ಇಂಥ ಕೋಡ್‌ಗಳಿವೆ, *#06# ಒತ್ತಿದರೆ ಫೋನಿನ ಗುರುತಿನ ಸಂಖ್ಯೆ ಐಎಂಇಐ ಬರುತ್ತದಲ್ಲ, ಹಾಗೆ. ಆದರೆ ಅದಕ್ಕೆ ಉತ್ತರ ಕೊಡುವುದು ನಿಮ್ಮ ಕೈಯಲ್ಲಿರುವ ಫೋನೇ, ಎಕ್ಸ್‌ಚೇಂಜ್ ಅಲ್ಲ.

ಈಗ ಉಡುಪಿ, ಮಂಗಳೂರಿನ ಮನೆಗಳಿಗೂ ಫೈಬರ್ ಬಂದಿದೆ. ಗಾಜಿನ ಎಳೆಗೆ ಕಿಲುಬು ಹಿಡಿಯುವುದಿಲ್ಲ, ಡಯಲ್ ಮಾಡಿ ಪರೀಕ್ಷಿಸಲಿಕ್ಕೂ ಇಲ್ಲ. ರಿಪೇರಿಗೆ ಬಂದವರು ಕೇಬಲ್ ತುದಿಯನ್ನು ಪವರ್ ಮೀಟರ್‌ಗೆ ಸಿಕ್ಕಿಸಿ ಬೆಳಕಿನ ಶಕ್ತಿಯನ್ನು ಡಿಬಿಎಂ ಅನ್ನೋ ಅಳತೆಯಲ್ಲಿ ನೋಡುತ್ತಾರೆ. ಅಲ್ಲಿನ ಸೊನ್ನೆ ಅಂದರೆ ಅದೇ 1 ಮಿಲಿವಾಟ್. ಸಾಮಾನ್ಯವಾಗಿ ಮೈನಸ್ 27ಕ್ಕಿಂತ ಕೆಳಗೆ ಇಳಿದರೆ ಸಿಗ್ನಲ್ ಸಾಲುವುದಿಲ್ಲ, ಎಲ್ಲೋ ಫೈಬರ್ ಬಾಗಿದೆ ಅಥವಾ ಜಾಯಿಂಟ್ ಸರಿಯಿಲ್ಲ ಅಂತ ಹುಡುಕಲು ಹೊರಡಬೇಕು.